ಊಟ ಆಯ್ತಾ ಎಂದು ಕೇಳುವ ಇನ್ನೊಂದು ಊರು

ಮಗಳೇ,

ಹಾಂಗ್‌ಕಾಂಗ್‌ನಲ್ಲಿ ಇರಲು ಇಂಗ್ಲಿಷ್ ಸಾಕು ಎಂದು ನಿನಗೆ ಹೇಳಿದವರು ಸುಳ್ಳು ಹೇಳಿಲ್ಲ. ಆಫೀಸಿನ ಮೀಟಿಂಗು, ಬ್ಯಾಂಕಿನ ಅರ್ಜಿ, ಬಾಡಿಗೆ ಕರಾರು, ರೈಲು ನಿಲ್ದಾಣದ ಬೋರ್ಡು ಎಲ್ಲದರಲ್ಲೂ ಇಂಗ್ಲಿಷ್ ಇದೆ. 1997ರಲ್ಲಿ ಬ್ರಿಟಿಷರು ಆ ಊರನ್ನು ಚೀನಾಕ್ಕೆ ಒಪ್ಪಿಸಿ ಹೋದ ಮೇಲೂ ಅದು ಅಲ್ಲಿ ಆಡಳಿತ ಭಾಷೆಯಾಗಿ ಉಳಿದಿದೆ. ಆದರೆ ಲಿಫ್ಟಿನಲ್ಲಿ ಸಿಗುವ ಅಜ್ಜಿ, ಮಾರ್ಕೆಟ್ಟಿನ ಸೊಪ್ಪಿನವಳು, ಮಿನಿಬಸ್ಸಿನ ಡ್ರೈವರು, ಕಟ್ಟಡದ ವಾಚ್‌ಮನ್ ಇವರಿಗೆಲ್ಲ ಬೆಳಗಾಗುವುದೂ ರಾತ್ರಿಯಾಗುವುದೂ ಕ್ಯಾಂಟನೀಸ್ ಎಂಬ ಅಲ್ಲಿನ ಚೀನೀ ಮಾತಿನಲ್ಲಿ. ಇಂಗ್ಲಿಷೊಂದನ್ನೇ ನಂಬಿಕೊಂಡರೆ ನೀನು ಆ ಊರಿನಲ್ಲಿ ನೌಕರಿ ಮಾಡಬಹುದು, ಬಾಳುವೆ ಮಾಡುವುದು ಕಷ್ಟ.

ಅಲ್ಲಿ ಸಂಸಾರ ಮಾಡಿದ ನಿನ್ನ ಅತ್ತೆಯಾಗಿ ನಾನು ಹೇಳುವ ಮಾತಿದು. ನಮ್ಮವರಲ್ಲೇ ಕೆಲವರು ಅಲ್ಲಿ ಹತ್ತಾರು ವರ್ಷ ಇದ್ದು, ಉಪಕಾರ ಸ್ಮರಣೆಯ ಒಂದು ಮಾತು ಬಿಟ್ಟರೆ ಇನ್ನೇನೂ ಕಲಿಯದೆ ಹಿಂದಿರುಗಿದ್ದನ್ನು ನೋಡಿದ್ದೇನೆ. ಬೆಂಗಳೂರಿಗೆ ಬಂದು ನೆಲೆಸಿದವರು ಕನ್ನಡ ಕಲಿಯುವುದಿಲ್ಲವಲ್ಲ ಎಂದು ನೊಂದುಕೊಳ್ಳುವವರೂ ಅವರೇ. ನಮ್ಮ ಊರಿಗೆ ಬಂದವರಿಂದ ನಾವು ಏನನ್ನು ಬಯಸುತ್ತೇವೋ, ನಾವು ಹೋದ ಊರಿಗೆ ಅದನ್ನು ಮೊದಲು ಕೊಡಬೇಕು. ಈ ವಿಷಯದಲ್ಲಿ ನನ್ನದು ಎರಡು ಮಾತಿಲ್ಲ.

ಹಾಗೆಂದು ಇಡೀ ಭಾಷೆಯನ್ನು ಒಮ್ಮೆಗೇ ತಲೆಗೆ ತುಂಬಿಕೊಳ್ಳಲು ಹೋಗಬೇಡ. ಚೀನೀ ಅಕ್ಷರಗಳನ್ನು ಸದ್ಯಕ್ಕೆ ಮುಟ್ಟಲೂ ಬೇಡ. ಮೊದಲು ದಿನಚರಿಯ ಕ್ರಿಯಾಪದಗಳನ್ನು ಹಿಡಿ: ಏಳುವುದು, ಹಲ್ಲುಜ್ಜುವುದು, ಸ್ನಾನ ಮಾಡುವುದು, ಉಣ್ಣುವುದು, ಹತ್ತುವುದು, ಇಳಿಯುವುದು, ಕೊಳ್ಳುವುದು, ಬೇಯಿಸುವುದು, ಮಲಗುವುದು. ಹೆಸರು ಗೊತ್ತಿಲ್ಲದ ವಸ್ತುವನ್ನು ಬೆರಳು ತೋರಿಸಿ ಕೇಳಿ ಪಡೆಯಬಹುದು. ‘ಇಳಿಯುತ್ತೇನೆ’, ‘ಸ್ವಲ್ಪ ಕಾಯಿರಿ’, ‘ಇನ್ನೂ ಆಗಿಲ್ಲ’ ಎನ್ನಲು ಯಾವ ಬೆರಳೂ ನೆರವಿಗೆ ಬರುವುದಿಲ್ಲ. ಅದಕ್ಕೇ ಹೆಸರುಗಳ ಪಟ್ಟಿಗಿಂತ ಕೆಲಸಗಳ ಮಾತು ಮುಂಚೆ ಬರಲಿ ಎನ್ನುತ್ತೇನೆ.

ಕಲಿಯಲು ಕೂರುವ ಮುಂಚೆ ಒಂದು ಎಚ್ಚರ. ‘ಚೈನೀಸ್ ಕಲಿಯಿರಿ’ ಎಂಬ ಆ್ಯಪುಗಳು, ಪುಸ್ತಕಗಳು ಹೆಚ್ಚಾಗಿ ಕಲಿಸುವುದು ಮ್ಯಾಂಡರಿನ್. ಅದರಲ್ಲಿ ಕುಡಿಯುವುದಕ್ಕೆ ‘ಹ’, ನೋಡುವುದಕ್ಕೆ ‘ಖಾನ್’. ಹಾಂಗ್‌ಕಾಂಗ್‌ನ ಮನೆಗಳಲ್ಲಿ ಕುಡಿಯುವುದಕ್ಕೆ ‘ಯಮ್’, ನೋಡುವುದಕ್ಕೆ ‘ಥಯ್’. ಅಲ್ಲಿನವರೂ ಬರೆಯುವಾಗ ಮ್ಯಾಂಡರಿನ್ ಆಧಾರದ ಶಿಷ್ಟ ಭಾಷೆಯನ್ನೇ ಬರೆಯುತ್ತಾರೆ, ಬಾಯಲ್ಲಿ ಮಾತ್ರ ಕ್ಯಾಂಟನೀಸ್. 1967ರಿಂದ ನಡೆಯುತ್ತಿರುವ ಟಿವಿಬಿ ಚಾನೆಲ್ಲಿನ ಧಾರಾವಾಹಿ ಹಾಕಿದರೂ ಪಾತ್ರ ಒಂದು ಕ್ರಿಯಾಪದ ಆಡುತ್ತದೆ, ಅಡಿಬರಹದಲ್ಲಿ ಇನ್ನೊಂದು ಕಾಣುತ್ತದೆ. ನೀನು ಕಿವಿಯನ್ನು ನಂಬು. ರೋಮನ್ ಅಕ್ಷರದ ಬರಹ ಬೇಕೆಂದರೆ, ಹಾಂಗ್‌ಕಾಂಗ್‌ನ ಭಾಷಾವಿಜ್ಞಾನಿಗಳ ಸಂಘ 1993ರಲ್ಲಿ ರೂಪಿಸಿದ ಜ್ಯುತ್‌ಪಿಂಗ್ ಪದ್ಧತಿಯ ಪುಸ್ತಕವನ್ನೇ ಕೊಳ್ಳು. ಪ್ರತಿ ಉಚ್ಚಾರಾಂಶದ ಕೊನೆಯಲ್ಲಿ ಅದರ ಧ್ವನಿಯ ಏರಿಳಿತವನ್ನು 1ರಿಂದ 6ರವರೆಗಿನ ಒಂದು ಅಂಕಿ ಹೇಳುತ್ತದೆ. ಅಂಕಿಯಿಲ್ಲದ ಪುಸ್ತಕ ನಿನಗೆ ಬೇಡ.

ಆ ಆರು ಧ್ವನಿಗಳನ್ನು ನೆನಪಿಡುವ ಉಪಾಯ ಅಲ್ಲಿನ ಎಣಿಕೆಯಲ್ಲೇ ಇದೆ. ಮೂರು, ಒಂಬತ್ತು, ನಾಲ್ಕು, ಸೊನ್ನೆ, ಐದು, ಎರಡು ಎಂದು ಅವರ ಭಾಷೆಯಲ್ಲಿ ಹೇಳು: ಸಾಮ್, ಕವ್, ಸೇಯ್, ಲಿಂಗ್, ಙ್, ಯೀ. 394052. ಒಂದನೆಯ ಧ್ವನಿಯಿಂದ ಆರನೆಯದರವರೆಗೆ ಕ್ರಮವಾಗಿ ಬಂದುಬಿಡುತ್ತವೆ. ಸಾಮ್ ಎತ್ತರದಲ್ಲೇ ನಿಲ್ಲುತ್ತದೆ, ಕವ್ ಮೇಲಕ್ಕೇರುತ್ತದೆ, ಸೇಯ್ ನಡುವಿನಲ್ಲಿ ಸಮವಾಗಿರುತ್ತದೆ, ಲಿಂಗ್ ತಳಕ್ಕೆ ಜಾರುತ್ತದೆ, ಙ್ ತಳದಿಂದ ತುಸು ಏಳುತ್ತದೆ, ಯೀ ತಗ್ಗಿನಲ್ಲಿ ಸಮವಾಗಿ ಸಾಗುತ್ತದೆ. ಊರಿನ ಯಾರಿಂದಲಾದರೂ ಇದನ್ನು ಹೇಳಿಸಿ, ಕೇಳಿ, ನಿನ್ನ ಬಾಯಲ್ಲಿ ಕೂರುವವರೆಗೂ ಹೇಳು. ಧ್ವನಿ ಆಮೇಲೆ ಕಲಿತರಾಯಿತು, ಮೊದಲು ಪದ ಬರಲಿ ಎನ್ನುವವರ ಮಾತು ಕೇಳಬೇಡ. ಐದನೆಯ ಧ್ವನಿಯ ‘ಮಾಯ್’ ಕೊಳ್ಳುವುದು, ಆರನೆಯ ಧ್ವನಿಯ ‘ಮಾಯ್’ ಮಾರುವುದು. ಆರನೆಯ ‘ಸಿಕ್’ ತಿನ್ನುವುದು, ಒಂದನೆಯ ‘ಸಿಕ್’ ತಿಳಿದಿರುವುದು. ದೀಪ ಆರಿಸುವುದೂ ಒಂದನೆಯ ‘ಸಿಕ್’. ಅಲ್ಲಿ ಧ್ವನಿ ಪದದ ಒಡವೆಯಲ್ಲ, ಪದವೇ ಅದು.

ಇಲ್ಲಿ ಕನ್ನಡದವಳಾಗಿ ನಿನಗೆ ಸಿಕ್ಕಿರುವ ಅನುಕೂಲಗಳೂ ಇವೆ, ಒಂದು ತೊಡಕೂ ಇದೆ.

ಮೊದಲ ಅನುಕೂಲ ಅಲ್ಪಪ್ರಾಣ, ಮಹಾಪ್ರಾಣ. ರೋಮನ್ ಪುಸ್ತಕದಲ್ಲಿ ಜಿ ಅಕ್ಷರ ಕಂಡರೆ ಅದು ಗ ಅಲ್ಲ, ನಮ್ಮ ಕ. ಕೆ ಎಂದು ಬರೆದದ್ದು ಖ. ಡಿ ಎಂದಿದ್ದರೆ ತ, ಟಿ ಎಂದಿದ್ದರೆ ಥ, ಬಿ ಎಂದಿದ್ದರೆ ಪ. ಝಡ್ ಹೆಚ್ಚುಕಡಿಮೆ ಚ, ಸಿ ಛ, ಜೆ ಯ. ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿರುವುದು ಈ ಲೆಕ್ಕದಲ್ಲೇ. ‘ಕಮ್ ಯತ್’ ಎಂದರೆ ಇವತ್ತು, ‘ಖಮ್ ಯತ್’ ಎಂದರೆ ನಿನ್ನೆ. ಧ್ವನಿಯ ವ್ಯತ್ಯಾಸದ ಜೊತೆಗೆ ಉಸಿರಿನ ವ್ಯತ್ಯಾಸವೂ ಅಲ್ಲಿದೆ. ಮಾತಾಡುವಾಗ ಮಹಾಪ್ರಾಣವನ್ನು ನುಂಗುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಶಾಲೆಯಲ್ಲಿ ಮೇಷ್ಟರು ಅಂಗೈಯನ್ನು ಬಾಯಿಯ ಮುಂದಿಟ್ಟುಕೊಂಡು ಖ, ಥ ಹೇಳಿಸುತ್ತಿದ್ದರಲ್ಲ, ಆ ಅಭ್ಯಾಸವನ್ನು ಮತ್ತೆ ಶುರುಮಾಡು.

ಎರಡನೆಯದು ಹ್ರಸ್ವ, ದೀರ್ಘ. ‘ಫಾನ್’ ಎಂದು ಎಳೆದರೆ ಅನ್ನವೋ ಹಿಂದಿರುಗುವುದೋ ಆಗುತ್ತದೆ, ‘ಫನ್’ ಎಂದು ಮೊಟಕುಗೊಳಿಸಿದರೆ ಮಲಗುವುದಾಗುತ್ತದೆ. ಇಂಗ್ಲಿಷಿನವರು ಇಲ್ಲಿ ಒದ್ದಾಡುತ್ತಾರೆ. ನಮಗೆ ಅದು ಕಾಗುಣಿತದಲ್ಲೇ ಬಂದಿದೆ. ಮೂರನೆಯದು, ವರ್ಣಮಾಲೆಯಲ್ಲಿ ಕಲಿತು ಎಂದೂ ಪದದ ಮೊದಲಿಗೆ ಬಳಸದ ನಮ್ಮ ಙ. ಕ್ಯಾಂಟನೀಸಿನಲ್ಲಿ ‘ನಾನು’ ಎನ್ನಲು ‘ಙೋ’, ಹಲ್ಲಿಗೆ ‘ಙಾ’. ಹುಡುಗರು ಈಗ ಆ ಮೂಗಿನ ಸದ್ದನ್ನು ಬಿಟ್ಟು ಬರಿದೇ ‘ಓ’ ಎನ್ನುತ್ತಾರೆ, ‘ನೀನು’ ಎಂಬ ‘ನೇಯ್’ ಅನ್ನೂ ‘ಲೇಯ್’ ಎನ್ನುತ್ತಾರೆ. ಕೇಳಿದಾಗ ಗುರುತಿಸು. ನೀನು ಮಾತ್ರ ಹಳಬರಂತೆಯೇ ಹೇಳು, ಹಿರಿಯರಿಗೆ ಅದು ಇಷ್ಟ.

ತೊಡಕು ಯಾವುದೆಂದರೆ, ಕೊನೆಯ ವ್ಯಂಜನಕ್ಕೆ ಉಕಾರ ಸೇರಿಸುವ ನಮ್ಮ ನಾಲಿಗೆ. ಬಸ್ಸು, ಕಾರು, ಬ್ಯಾಂಕು ಎಂದು ಎಲ್ಲವನ್ನೂ ಸ್ವರದಲ್ಲಿ ಇಳಿಸುವುದು ನಮಗೆ ಸಹಜ. ಕ್ಯಾಂಟನೀಸಿನ ‘ಸಿಕ್’, ‘ಛಾತ್’, ‘ತಾಪ್’ ಇವು ಸದ್ದಾಗದೆ ನಿಲ್ಲಬೇಕು. ತಾಪ್ ಎನ್ನುವಾಗ ತುಟಿ ಮುಚ್ಚಿದ್ದನ್ನು ಮುಚ್ಚಿಯೇ ಬಿಡು, ತೆರೆಯಬೇಡ. ಛಾತ್ ಎನ್ನುವಾಗ ನಾಲಿಗೆ ಹಲ್ಲಿನ ಹಿಂದೆ ಅಂಟಿಕೊಂಡೇ ಇರಲಿ. ಸಿಕ್ ಎಂಬುದನ್ನು ಸಿಕ್ಕು ಎಂದೆಯೋ, ಎದುರಿಗಿರುವವರು ಎರಡು ಪದ ಕೇಳಿದಂತೆ ಕಣ್ಣರಳಿಸುತ್ತಾರೆ. ಇನ್ನು ನಮ್ಮಲ್ಲಿಲ್ಲದ ಸ್ವರಗಳಲ್ಲಿ ಒಂದನ್ನು ಬೇಗ ಕಲಿ: ಬಾಯೊಳಗೆ ಏ ಎನ್ನುತ್ತ ತುಟಿಯನ್ನು ಓ ಎನ್ನುವಂತೆ ಗುಂಡಗೆ ಮಾಡುವುದು. ಸ್ನಾನಕ್ಕೂ ಬಟ್ಟೆ ತೊಡುವುದಕ್ಕೂ ಹತ್ತುವುದಕ್ಕೂ ಅದು ಬೇಕು. ನಾನು ಅದನ್ನು ಬೇರೆ ದಾರಿಯಿಲ್ಲದೆ ಏ ಎಂದೇ ಬರೆಯುತ್ತೇನೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕ್ಯಾಂಟನೀಸಿನ ದಿನಚರಿಯ ಕ್ರಿಯಾಪದವನ್ನು ಒಂಟಿಯಾಗಿ ಕಲಿಯಬೇಡ. ಅವು ಜೋಡಿಯಾಗಿ ಬಾಳುವ ಪದಗಳು. ಬರಿಯ ಸಿಕ್ ಎಂದರೆ ‘ಏನನ್ನು?’ ಎಂಬ ಪ್ರಶ್ನೆ ಉಳಿಯುತ್ತದೆ. ‘ಸಿಕ್ ಫಾನ್’ ಎಂದರೆ ಊಟ ಮಾಡುವುದು. ತಟ್ಟೆಯಲ್ಲಿ ಅನ್ನವಿಲ್ಲದೆ ನೂಡಲ್ಸ್ ಇದ್ದರೂ ಊಟ ಸಿಕ್ ಫಾನ್ ಆಗಬಹುದು. ಏಳುವುದು ‘ಹೇಯ್ ಸನ್’, ಹಲ್ಲುಜ್ಜುವುದು ‘ಛಾತ್ ಙಾ’, ಮುಖ ತೊಳೆಯುವುದು ‘ಸಯ್ ಮಿನ್’, ಸ್ನಾನ ‘ಛುಂಗ್ ಲೇಂಗ್’, ಬಟ್ಟೆ ತೊಡುವುದು ‘ಚೇಕ್ ಸಾಮ್’, ಕೆಲಸಕ್ಕೆ ಹೋಗುವುದು ‘ಫಾನ್ ಕುಂಗ್’, ಕೆಲಸ ಬಿಟ್ಟು ಹೊರಡುವುದು ‘ಫೋಂಗ್ ಕುಂಗ್’, ಫೋನ್ ಮಾಡುವುದು ‘ತಾ ತಿನ್ ವಾ’, ಮಲಗುವುದು ‘ಫನ್ ಕಾವ್’. ನಾವು ಊಟ ಮಾಡು, ಸ್ನಾನ ಮಾಡು, ಫೋನ್ ಮಾಡು ಎಂದು ಜೋಡಿಸುವವರೇ ಆದ್ದರಿಂದ ಇದು ನಿನಗೆ ಹೊಸತೆನಿಸುವುದಿಲ್ಲ. ಅವರ ಜೋಡಿಯಲ್ಲಿ ಕೆಲಸ ಮುಂದೆ, ವಸ್ತು ಹಿಂದೆ ಇರುತ್ತದೆ, ಅಷ್ಟೇ. ಹೊತ್ತು ಹೇಳುವ ಕ್ರಮ ನಮ್ಮದೇ: ‘ನಾನು ನಾಳೆ ಏಳು ಗಂಟೆಗೆ ಏಳುತ್ತೇನೆ’ ಎಂಬುದನ್ನು ಅವರು ‘ಙೋ ಥಿಂಗ್ ಯತ್ ಛತ್ ತಿಮ್ ಹೇಯ್ ಸನ್’ ಎನ್ನುತ್ತಾರೆ. ನಾನು, ನಾಳೆ, ಏಳು ಗಂಟೆ, ಏಳು. ‘ಮನೆಯಲ್ಲಿ’ ಎಂಬುದೂ ನಮ್ಮಲ್ಲಿಯಂತೆ ಕ್ರಿಯಾಪದಕ್ಕೆ ಮುಂಚೆಯೇ ಬರುತ್ತದೆ.

ಜೋಡಿಯಾಗಿ ಕಲಿ ಎಂದದ್ದಕ್ಕೆ ಇನ್ನೊಂದು ಕಾರಣವಿದೆ. ಆಯಿತು, ಆಗುತ್ತಿದೆ ಎನ್ನುವ ಪ್ರತ್ಯಯಗಳು ಈ ಜೋಡಿಯ ನಡುವೆ ಬಂದು ಕೂರುತ್ತವೆ. ಮುಗಿದದ್ದಕ್ಕೆ ‘ಚೋ’: ಸಿಕ್ ಚೋ ಫಾನ್, ಊಟ ಆಯಿತು. ನಡೆಯುತ್ತಿರುವುದಕ್ಕೆ ‘ಕನ್’: ಛುಂಗ್ ಕನ್ ಲೇಂಗ್, ಸ್ನಾನ ಮಾಡುತ್ತಿದ್ದಾರೆ. ಎಂದಾದರೂ ಮಾಡಿದ ಅನುಭವಕ್ಕೆ ‘ಕ್ವೋ’. ‘ಫಾನ್ ಚೋ ಕುಂಗ್’ ಎಂದರೆ ಕೆಲಸಕ್ಕೆ ಹೋಗಿದ್ದಾರೆ. ಜೋಡಿಯನ್ನು ಒಂದೇ ಪದವೆಂದು ಉರು ಹೊಡೆದವರು ಚೋ ಅನ್ನು ಕೊನೆಗೆ ಅಂಟಿಸುತ್ತಾರೆ, ಕಿವಿಗೆ ಕಲ್ಲು ಸಿಕ್ಕಂತಾಗುತ್ತದೆ. ಮಿಕ್ಕಂತೆ ಈ ವ್ಯಾಕರಣ ಎಷ್ಟು ಹಗುರ ನೋಡು. ತಿಂದೆ, ತಿಂದಳು, ತಿಂದರು ಎಂದು ನಾವು ಆಳು ನೋಡಿ ಬಾಲ ಬದಲಿಸುತ್ತೇವೆ. ಅಲ್ಲಿ ಎಲ್ಲರಿಗೂ ಸಿಕ್ ಚೋ. ಯಾವಾಗ ಎನ್ನುವುದನ್ನು ನಿನ್ನೆ, ಇವತ್ತು, ನಾಳೆ ಎಂಬ ಪದಗಳು ಹೇಳಿಬಿಡುತ್ತವೆ. ‘ಇಲ್ಲ’ ಎನ್ನುವುದರಲ್ಲಿ ಮಾತ್ರ ಜಾಗ್ರತೆ: ‘ಮ್ ಸಿಕ್’ ತಿನ್ನುವುದಿಲ್ಲ, ‘ಮೋ ಸಿಕ್’ ತಿನ್ನಲಿಲ್ಲ, ‘ಮೇಯ್ ಸಿಕ್’ ಇನ್ನೂ ತಿಂದಿಲ್ಲ. ಮೂರೂ ನಮ್ಮಲ್ಲೂ ಬೇರೆ ಬೇರೆಯಾಗಿರುವುದರಿಂದ ಒಮ್ಮೆ ತಿಳಿದರೆ ಮರೆಯುವುದಿಲ್ಲ. ವ್ಯಾಕರಣದ ಆಳಕ್ಕೆ ಇಳಿಯುವ ಆಸೆ ಹುಟ್ಟಿದ ದಿನ ಸ್ಟೀಫನ್ ಮ್ಯಾಥ್ಯೂಸ್ ಮತ್ತು ವರ್ಜೀನಿಯಾ ಯಿಪ್ 1994ರಲ್ಲಿ ಹೊರತಂದ ದೊಡ್ಡ ವ್ಯಾಕರಣ ಗ್ರಂಥ ತೆಗೆ. ಅದಕ್ಕೆ ಮೊದಲು ಬೇಡ.

ಇಷ್ಟನ್ನೂ ಎಲ್ಲಿ ಕಲಿಯಬೇಕು ಎಂದು ಕೇಳುತ್ತೀಯ. ಆ ಕೆಲಸ ನಡೆಯುವ ಜಾಗದಲ್ಲಿ, ನಡೆಯುವ ಹೊತ್ತಿನಲ್ಲಿ. ಹಲ್ಲುಜ್ಜುವ ಮುಂಚೆ ಛಾತ್ ಙಾ ಎಂದು ಗಟ್ಟಿಯಾಗಿ ಹೇಳು, ಉಜ್ಜಿದ ಮೇಲೆ ಛಾತ್ ಚೋ ಙಾ. ದೀಪ ಹಾಕುವಾಗ ‘ಹೋಯ್ ತಂಗ್’, ಆರಿಸುವಾಗ ‘ಸಿಕ್ ತಂಗ್’. ಮಂಚದ ಮೇಲೆ ಕೂತು ಇಪ್ಪತ್ತು ಪದ ಬಾಯಿಪಾಠ ಮಾಡಿದರೆ ಅವು ಮಂಚದ ಮೇಲಷ್ಟೇ ನೆನಪಾಗುತ್ತವೆ. ಮೈ ಕೆಲಸ ಮಾಡುವಾಗ ಬಾಯಿ ಹೇಳಿದ ಮಾತು ಆ ಕೆಲಸಕ್ಕೆ ಕೈಹಾಕಿದಾಗಲೆಲ್ಲ ತಾನಾಗಿ ಬರುತ್ತದೆ.

ಮನೆಯ ಬಾಗಿಲು ದಾಟಿದ ಮೇಲೆ ನಿನಗೆ ಸಿಗುವ ಮೊದಲ ಗುರು ಕಟ್ಟಡದ ವಾಚ್‌ಮನ್. ಅಲ್ಲಿನ ಜನ ಒಬ್ಬರನ್ನೊಬ್ಬರು ಮಾತಾಡಿಸುವ ರೀತಿಯೇ ನಮ್ಮದು. ಚೀಲ ಹಿಡಿದು ಹೊರಟವಳನ್ನು ನಮ್ಮ ಬೀದಿಯವರು ‘ಏನಮ್ಮಾ, ತರಕಾರಿಗಾ?’ ಎನ್ನುವುದಿಲ್ಲವೇ? ಅವರೂ ಕಣ್ಣಿಗೆ ಕಾಣುವ ಕೆಲಸವನ್ನೇ ಕೇಳಿ ವಂದಿಸುತ್ತಾರೆ. ಬೆಳಗ್ಗೆ ‘ಫಾನ್ ಕುಂಗ್ ಆ?’, ಕೆಲಸಕ್ಕಾ. ಸಂಜೆ ‘ಫೋಂಗ್ ಕುಂಗ್ ಲಾ?’, ಕೆಲಸ ಆಯ್ತಾ. ಚೀಲವಿದ್ದರೆ ‘ಮಾಯ್ ಸುಂಗ್ ಆ?’. ಅನ್ನದ ಜೊತೆಗೆ ಉಣ್ಣುವ ಪಲ್ಯ, ಮೀನು, ಮಾಂಸ ಎಲ್ಲವೂ ಸುಂಗ್. ಅದನ್ನು ತರಲು ಹೊರಟೆಯಾ ಎಂಬ ಪ್ರಶ್ನೆ. ಬರಿದೇ ಹೊರಗೆ ಹೊರಟರೆ ‘ಲೋಕ್ ಕಾಯ್ ಆ?’. ಬೀದಿಗೆ ಇಳಿಯುತ್ತೀಯಾ ಎಂದು ಅದರ ಅರ್ಥ, ಅಲ್ಲಿ ಎಲ್ಲರ ಮನೆಯೂ ಹತ್ತಿಪ್ಪತ್ತು ಮಹಡಿ ಮೇಲೆ ತಾನೇ. ಇವು ನಿನ್ನ ವಿಷಯ ತಿಳಿಯುವ ಕುತೂಹಲದ ಪ್ರಶ್ನೆಗಳಲ್ಲ. ‘ಹಯ್ ಆ’, ಹೌದು ಎಂದರೆ ಸಾಕು. ಹಳಬರು ಊಟದ ಹೊತ್ತಿಗೆ ‘ಸಿಕ್ ಚೋ ಫಾನ್ ಮೇಯ್ ಆ?’ ಎನ್ನುತ್ತಾರೆ: ಊಟ ಆಯ್ತಾ? ಆಗಿದ್ದರೆ ‘ಸಿಕ್ ಚೋ ಲಾ’, ಇಲ್ಲದಿದ್ದರೆ ‘ಮೇಯ್ ಆ’. ಇದೊಂದು ಪ್ರಶ್ನೆಯನ್ನು ಅವರಿಗಿಂತ ಮೊದಲು ನೀನೇ ಕೇಳಲು ಕಲಿತೆಯಾದರೆ, ಇಡೀ ಮಹಡಿಯಲ್ಲಿ ನಿನ್ನ ಸ್ಥಾನ ಬದಲಾಗುತ್ತದೆ. ಇದನ್ನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ.

ಆ ‘ಆ’, ‘ಲಾ’ಗಳನ್ನು ಕಡೆಗಣಿಸಬೇಡ. ಅವಿಲ್ಲದ ಕ್ರಿಯಾಪದ ಒರಟಾಗಿ ಕೇಳುತ್ತದೆ. ಯಾರಿಗಾದರೂ ತಿನ್ನು ಎನ್ನಬೇಕಾದಾಗ ಬರಿಯ ಸಿಕ್ ಎನ್ನದೆ ‘ಸಿಕ್ ಲಾ’ ಎಂದರೆ ‘ತಗೊಳ್ಳಿ, ತಿನ್ನಿ’ ಎಂಬ ಒತ್ತಾಯದ ಪ್ರೀತಿ ಬರುತ್ತದೆ.

ಇನ್ನು ಮಿನಿಬಸ್ಸು. ‘ಸಿವ್ ಪಾ’ ಎನ್ನುತ್ತಾರೆ. ಹದಿನಾರು ಸೀಟಿನ ಗಾಡಿಗಳಿಗೆ 2017ರಿಂದ ಹತ್ತೊಂಬತ್ತು ಸೀಟಿನ ಅನುಮತಿ ಸಿಕ್ಕಿದೆ. ಹಸಿರು ಚಾವಣಿಯವಕ್ಕೆ ಗೊತ್ತಾದ ದಾರಿ, ಗೊತ್ತಾದ ದರ. ಕೆಂಪು ಚಾವಣಿಯವು ಡ್ರೈವರನ ಇಷ್ಟಕ್ಕೆ ಹೆಚ್ಚು ಬಿಟ್ಟವು. ಈ ಗಾಡಿಗಳಲ್ಲಿ ಅನೇಕ ಕಡೆ ಇಳಿಯುವ ಜಾಗವನ್ನು ನೀನೇ ಕೂಗಿ ಹೇಳಬೇಕು. ಪರದೇಶದವರು ಇದಕ್ಕೆ ಹೆದರಿಯೇ ಮಿನಿಬಸ್ಸು ಹತ್ತುವುದಿಲ್ಲ, ಬೆಟ್ಟದ ಮೇಲಿನ ಮನೆಗೆ ದುಬಾರಿ ಟ್ಯಾಕ್ಸಿ ಹಿಡಿಯುತ್ತಾರೆ. ನೀನು ಹಾಗೆ ಮಾಡಬೇಡ. ‘ಲೋಕ್’ ಎಂದರೆ ಇಳಿ, ‘ಯವ್’ ಎಂದರೆ ಇದೆ. ‘ಯವ್ ಲೋಕ್!’ ಇಳಿಯುವವರಿದ್ದಾರೆ. ಅದರ ಮುಂದೆ ಜಾಗ ಸೇರಿಸು: ಬಸ್ ಸ್ಟಾಪಿನಲ್ಲಿ ಆದರೆ ‘ಪಾ ಸಿ ಚಾಮ್ ಯವ್ ಲೋಕ್’, ಬೀದಿಯ ತಿರುವಿನಲ್ಲಾದರೆ ‘ಕಾಯ್ ಹವ್ ಯವ್ ಲೋಕ್’. ಶುರುವಿಗೆ ‘ಮ್ ಕೋಯ್’ ಇರಲಿ, ದಯವಿಟ್ಟು ಎಂದ ಹಾಗೆ. ಮೆಲ್ಲಗೆ ಹೇಳಿದರೆ ಎಂಜಿನ್ ಸದ್ದಿನಲ್ಲಿ ಮುಳುಗುತ್ತದೆ, ಎದೆತುಂಬಿ ಕೂಗು. ಡ್ರೈವರು ಹಿಂದಿರುಗಿ ನೋಡುವುದಿಲ್ಲ, ಒಂದು ಕೈಯೆತ್ತುತ್ತಾನೆ. ಕೇಳಿಸಿತು ಎಂದು ಅರ್ಥ. ಆ ಕೈ ಮೇಲೇಳುವುದನ್ನು ನೋಡುವಾಗ ಬರುವ ಧೈರ್ಯ ಯಾವ ತರಗತಿಯಲ್ಲೂ ಬರುವುದಿಲ್ಲ.

ಲೋಕ್ ಒಂದನ್ನು ಕಲಿತರೆ ಬೀದಿಗೆ ಇಳಿಯುವುದು, ಗಾಡಿ ಇಳಿಯುವ ‘ಲೋಕ್ ಛೇ’, ಮಳೆ ಬೀಳುವ ‘ಲೋಕ್ ಯ್ಯೂ’ ಎಲ್ಲ ಬಂದಂತೆ. ಹತ್ತುವುದು ‘ಸೇಂಗ್ ಛೇ’. 1904ರಿಂದ ಓಡುತ್ತಿರುವ ಟ್ರಾಮಿನಲ್ಲಿ ಹಿಂದಿನಿಂದ ಹತ್ತಿ ಮುಂದಿನಿಂದ ಇಳಿಯಬೇಕು, ಹಣ ಇಳಿಯುವಾಗ. ಹಣವೆಂದರೆ 1997ರಲ್ಲಿ ಬಂದ ಆಕ್ಟೋಪಸ್ ಕಾರ್ಡು; ಅದನ್ನು ಯಂತ್ರಕ್ಕೆ ತಾಗಿಸುವುದಕ್ಕೆ ಜನ ಆ ಯಂತ್ರದ ಸದ್ದನ್ನೇ ಕ್ರಿಯಾಪದ ಮಾಡಿಕೊಂಡಿದ್ದಾರೆ: ‘ತುತ್ ಖಾತ್’. ಮೆಟ್ರೋ ರೈಲಿನ ಘೋಷಣೆ ಮೊದಲು ಕ್ಯಾಂಟನೀಸ್, ಆಮೇಲೆ ಮ್ಯಾಂಡರಿನ್, ಕೊನೆಗೆ ಇಂಗ್ಲಿಷಿನಲ್ಲಿ ಬರುತ್ತದೆ. ಇಂಗ್ಲಿಷಿಗೆ ಕಾಯದೆ ಮೊದಲನೆಯದನ್ನು ಕೇಳು.

ಮಾರ್ಕೆಟ್ಟಿನ ಮಾತು ಹೇಳಲು ನನಗೆ ಹೆಚ್ಚು ಖುಷಿ. ‘ಕಾಯ್ ಸೀ’ ಎನ್ನುವ ಅಲ್ಲಿನ ತರಕಾರಿ, ಮೀನು ಮಾರ್ಕೆಟ್ಟಿನಲ್ಲಿ ತೂಕ ಇನ್ನೂ ‘ಕನ್’ನಲ್ಲಿ ನಡೆಯುತ್ತದೆ, ಒಂದು ಕನ್ ಎಂದರೆ ಸುಮಾರು 605 ಗ್ರಾಂ. ಸೂಪರ್ ಮಾರ್ಕೆಟ್ಟಿಗೆ ಹೋದರೆ ನಿನಗೆ ಒಂದು ಕ್ರಿಯಾಪದವೂ ಬೇಕಾಗುವುದಿಲ್ಲ, ಅದಕ್ಕೇ ಹೋಗಬೇಡ ಎನ್ನುತ್ತೇನೆ. ‘ಥಯ್ ಹಾ’ ಎಂದರೆ ಸ್ವಲ್ಪ ನೋಡುತ್ತೇನೆ, ‘ತಂಗ್ ಹಾ’ ಎಂದರೆ ಸ್ವಲ್ಪ ಕಾಯಿರಿ. ಕ್ರಿಯಾಪದದ ಹಿಂದೆ ‘ಹಾ’ ಸೇರಿದರೆ ಮಾತು ಮೆತ್ತಗಾಗುತ್ತದೆ. ಬೇಕಿಲ್ಲ ಎನ್ನಲು ‘ಮ್ ಸಯ್’. ಸೊಪ್ಪು ಕೊಂಡರೆ ನಾಲ್ಕು ಎಳೆ ಈರುಳ್ಳಿ ಹೂವಿನ ಕಡ್ಡಿಯನ್ನು ಪುಕ್ಕಟೆ ಸೇರಿಸಿ ಕೊಡುವ ರೂಢಿ ಅನೇಕರಲ್ಲಿದೆ, ನಮ್ಮಲ್ಲಿ ಕರಿಬೇವು, ಕೊತ್ತಂಬರಿ ಕೊಡುತ್ತಿದ್ದ ಹಾಗೆ. ಅದಕ್ಕೆ ವಂದನೆ ಹೇಳಲು ಮ್ ಕೋಯ್ ಅಲ್ಲ, ‘ತೋ ಚೆ’ ಎನ್ನಬೇಕು. ಮಾಡಿದ ಉಪಕಾರಕ್ಕೆ ಮ್ ಕೋಯ್, ಕೊಟ್ಟ ಉಡುಗೊರೆಗೆ ತೋ ಚೆ.

ನೀನು ಮಾಂಸ ತಿನ್ನುವವಳಲ್ಲ. ‘ಮ್ ಸಿಕ್ ಯುಕ್’, ಮಾಂಸ ತಿನ್ನುವುದಿಲ್ಲ ಎಂದು ಹೇಳಿದರೆ ಅವರು ಹಂದಿ ಮಾಂಸವನ್ನಷ್ಟೇ ಬಿಟ್ಟು ಸೀಗಡಿ ಹಾಕಿ ತಂದಾರು. ‘ಙೋ ಸಿಕ್ ಚಾಯ್’ ಎನ್ನು. ಬೌದ್ಧರ ವ್ರತದ ಊಟ ಎಂಬ ಅರ್ಥ ಬರುತ್ತದೆ, ಅದರಲ್ಲಿ ಬೆಳ್ಳುಳ್ಳಿ, ಈರುಳ್ಳಿಯೂ ಇರುವುದಿಲ್ಲ. ಚಾಂದ್ರಮಾನ ತಿಂಗಳ ಮೊದಲ ದಿನ, ಹದಿನೈದನೆಯ ದಿನ ಅಲ್ಲಿನ ಅನೇಕ ಹಿರಿಯರು ಸಿಕ್ ಚಾಯ್ ಮಾಡುತ್ತಾರೆ, ನಮ್ಮ ಮನೆಗಳ ಒಪ್ಪತ್ತಿನಂತೆ. ಹಾಗಾಗಿ ಆ ಮಾತಿಗೆ ಗೌರವವಿದೆ.

ಅಡುಗೆಗೆ ಬಂದರೆ ಅವರ ಕ್ರಿಯಾಪದಗಳು ನಮ್ಮಷ್ಟೇ ಸೂಕ್ಷ್ಮ. ಹಬೆಯಲ್ಲಿ ಬೇಯಿಸುವುದು ‘ಚಿಂಗ್’, ಸ್ವಲ್ಪ ಎಣ್ಣೆಯಲ್ಲಿ ಕಾಯಿಸುವುದು ‘ಚಿನ್’, ಬಾಣಲೆಯಲ್ಲಿ ಬಾಡಿಸುವುದು ‘ಛಾವ್’, ಕರಿಯುವುದು ‘ಚಾ’, ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಕುದಿಸುವುದು ‘ಪೋ’. ಪೋ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಸಾರು ಕುದಿಸುವ ‘ಪೋ ಥೋಂಗ್’ ಅಲ್ಲಿನ ತಾಯಂದಿರ ಪ್ರೀತಿಯ ಕೆಲಸ. ಆ ಕುದಿಸುವ ತಾಳ್ಮೆಯನ್ನೇ ಹಿಡಿದುಕೊಂಡು ಧಾರಾವಾಹಿಗಳನ್ನು ಒಂದರ ಹಿಂದೊಂದು ನೋಡುವುದಕ್ಕೆ ‘ಪೋ ಖೆಕ್’ ಎನ್ನುತ್ತಾರೆ, ತಾಸುಗಟ್ಟಲೆ ಫೋನಿನಲ್ಲಿ ಹರಟುವುದಕ್ಕೆ ಫೋನಿನ ಗಂಜಿ ಕುದಿಸುವುದು ಎನ್ನುತ್ತಾರೆ. ಇದಕ್ಕೆ ಎದುರಾಗಿ, ನಾವು ಪಾತ್ರೆ ತೊಳೆಯುತ್ತೇವೆ, ಬಟ್ಟೆ ಒಗೆಯುತ್ತೇವೆ, ತಲೆಗೆ ಎರೆದುಕೊಳ್ಳುತ್ತೇವೆ. ಅವರಿಗೆ ಪಾತ್ರೆ, ಬಟ್ಟೆ, ತಲೆ ಮೂರಕ್ಕೂ ‘ಸಯ್’ ಒಂದೇ. ತೊಡುವುದರಲ್ಲಿ ಮತ್ತೆ ನಮ್ಮ ಹಾಗೆ ಭೇದ: ಬಟ್ಟೆ, ಚಪ್ಪಲಿಗೆ ಚೇಕ್, ಕನ್ನಡಕ, ಗಡಿಯಾರ, ಮಾಸ್ಕಿಗೆ ‘ತಾಯ್’. ಸೀರೆ ಉಟ್ಟು, ಬಳೆ ತೊಟ್ಟು, ಹೂ ಮುಡಿಯುವವರಿಗೆ ಇದು ಕಷ್ಟವಲ್ಲ.

ಚೀನೀ ಹೊಸ ವರ್ಷದ ಹೊತ್ತಿಗೆ ನೆನಪಿಡಬೇಕಾದದ್ದು: ಹಳೆಯ ವರ್ಷದ ಕೊನೆಯ ತಿಂಗಳ 28ನೆಯ ದಿನ ಮನೆಯೆಲ್ಲ ತೊಳೆದು ಗುಡಿಸುತ್ತಾರೆ, ಹಬ್ಬದ ಮೊದಲ ದಿನ ಮಾತ್ರ ‘ಸೋ ತೇಯ್’, ಕಸ ಗುಡಿಸುವುದು, ಕೂಡದು. ಅದೃಷ್ಟವನ್ನೇ ಗುಡಿಸಿ ಹಾಕಿದಂತೆ ಎಂಬ ನಂಬಿಕೆ. ದೀಪ ಹಚ್ಚಿದ ಮೇಲೆ ಪೊರಕೆ ಮುಟ್ಟದ ಮನೆಯಲ್ಲಿ ಬೆಳೆದ ನಿನಗೆ ವಿವರಿಸಬೇಕಿಲ್ಲ.

ಅಲ್ಲಿನ ಕ್ರಿಯಾಪದದಲ್ಲಿ ನಮ್ಮ ‘ಬನ್ನಿ, ಕೂತ್ಕೊಳ್ಳಿ’ಯ ಬಹುವಚನವಿಲ್ಲ ಎಂದು ಮರ್ಯಾದೆಯೇ ಇಲ್ಲ ಎಂದುಕೊಳ್ಳಬೇಡ. ಮರ್ಯಾದೆ ಸಂಬೋಧನೆಯಲ್ಲಿದೆ. ಊಟಕ್ಕೆ ಕೂತಾಗ ಕಿರಿಯರು ಚಾಪ್‌ಸ್ಟಿಕ್ ಎತ್ತುವ ಮೊದಲು ಹಿರಿಯರೊಬ್ಬೊಬ್ಬರನ್ನೂ ಕರೆದು ‘ಯೆ ಯೆ ಸಿಕ್ ಫಾನ್’, ತಾತಾ ಊಟ ಮಾಡಿ, ‘ಮಾ ಮಾ ಸಿಕ್ ಫಾನ್’, ಅಜ್ಜಿ ಊಟ ಮಾಡಿ ಎನ್ನುವುದು ಅಲ್ಲಿನ ಮನೆಗಳ ಸಂಪ್ರದಾಯ. ಯಾರಾದರೂ ಮನೆಗೆ ಕರೆದರೆ ನೀನೂ ಹಾಗೆ ಹೇಳು. ಬೆಳಗಿನ ‘ಯಮ್ ಛಾ’ಕ್ಕೆ ಹೋದಾಗ ಬೇರೆಯವರ ಬಟ್ಟಲಿಗೆ ಮೊದಲು ಟೀ ಸುರಿದು ಆಮೇಲೆ ನಿನ್ನದಕ್ಕೆ ಸುರಿದುಕೋ. ನಿನಗೆ ಯಾರಾದರೂ ಸುರಿದರೆ ಬೆರಳ ತುದಿಯಿಂದ ಮೇಜನ್ನು ಮೆಲ್ಲಗೆ ತಟ್ಟಿದರೆ ವಂದನೆ ಸಂದಿತು.

ಒಂದು ಕಷ್ಟ ಮಾತ್ರ ಖಂಡಿತ ಎದುರಾಗುತ್ತದೆ. ನೀನು ತಡವರಿಸಿದೊಡನೆ ಎದುರಿನವರು ಇಂಗ್ಲಿಷಿಗೆ ತಿರುಗುತ್ತಾರೆ. ಅದು ಅವರ ಸೌಜನ್ಯ, ಅವಮಾನವೆಂದು ತಿಳಿಯಬೇಡ, ಆದರೆ ಹಿಂಬಾಲಿಸಲೂ ಬೇಡ. ‘ಮ್ ಕೋಯ್ ಕೋಂಗ್ ತೋ ಛಿ’, ಇನ್ನೊಮ್ಮೆ ಹೇಳಿ ಎನ್ನು. ತಿಳಿಯದಿದ್ದರೆ ‘ಙೋ ಥೆಂಗ್ ಮ್ ಮಿಂಗ್’: ಕೇಳಿಸಿತು, ಅರ್ಥವಾಗಲಿಲ್ಲ. ಅವರು ನಕ್ಕರೆ ನೀನೂ ನಗು. ಮುದುಕರ ಬಳಿ ಹೆಚ್ಚು ಹೊತ್ತು ಕಳೆ. ಅವರಲ್ಲಿ ಅನೇಕರಿಗೆ ಇಂಗ್ಲಿಷ್ ಬರುವುದಿಲ್ಲ, ಬಿಡುವು ಬೇಕಾದಷ್ಟಿದೆ. ಅವರಿಗಿಂತ ಒಳ್ಳೆಯ ಮೇಷ್ಟರು ಸಿಗುವುದಿಲ್ಲ. ಅಲ್ಲಿ ಕಲಿತದ್ದು ಮಕಾವಿನಲ್ಲಿ, ಗ್ವಾಂಗ್‌ಝೌನಲ್ಲಿ, ಕೌಲಾಲಂಪುರದ ಹೋಟೆಲುಗಳಲ್ಲಿ ಕೂಡ ನಡೆಯುತ್ತದೆ.

ಆ ಮುದುಕರ ಸಲುವಾಗಿಯೇ ಇನ್ನೊಂದು ಜೋಡಿ ಹೇಳಬೇಕು. ಅಲ್ಲಿನ ಕಟ್ಟಡಗಳಲ್ಲಿ ಒಬ್ಬೊಬ್ಬರೇ ಇರುವ ವೃದ್ಧರು ಇರುತ್ತಾರೆ. ಕ್ರಿಯಾಪದದ ಹಿಂದೆ ‘ಛನ್’ ಬಂದರೆ ಆ ಕೆಲಸದಿಂದ ಮೈಗೆ ನೋವಾಯಿತು ಎಂದು ಅರ್ಥ. ‘ತಿತ್ ಛನ್’: ಬಿದ್ದು ಪೆಟ್ಟಾಗಿದೆ. ಪಕ್ಕದ ಮನೆಯಿಂದ ಈ ಮಾತು ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲು ತಟ್ಟು. ವಾಚ್‌ಮನ್‌ಗೆ ಅದೇ ಎರಡು ಪದವನ್ನು ಮಹಡಿಯ ಸಂಖ್ಯೆಯ ಜೊತೆ ಕೂಗಿ ಹೇಳು, ಆಂಬುಲೆನ್ಸಿಗೆ 999ಕ್ಕೆ ಫೋನ್ ಮಾಡು. 999ರಲ್ಲಿ ಇಂಗ್ಲಿಷಿನಲ್ಲಿ ಮಾತಾಡಬಹುದು. ಬಿದ್ದ ಅಜ್ಜಿಯ ಬಳಿ ಮಾತ್ರ ಅವರ ಭಾಷೆಯಲ್ಲೇ ಮಾತಾಡುತ್ತಿರು. ಎಲ್ಲಿ ನೋಯುತ್ತಿದೆ ಎಂದು ಕೇಳಲು ‘ಪಿನ್ ತೋ ಥುಂಗ್ ಆ?’ ಎನ್ನಬೇಕು. ಇದನ್ನು ವಿಮಾನ ಹತ್ತುವ ಮುಂಚೆಯೇ ಕಲಿತುಕೊಂಡು ಹೋಗು.